ಅಜ್ಜನ ಪದವಿ ಪತ್ರದಲ್ಲಿ ಸೆರಾಂಪುರ ಅಂತ ಯಾಕಿದೆ? ಡೆನ್ಮಾರ್ಕ್ ರಾಜನ ಸನದು, ಚರ್ಚ್ ನಡೆಸುವ ವಿಶ್ವವಿದ್ಯಾಲಯದ ಆಡಳಿತ

ಅಜ್ಜನ ಮೊಮ್ಮಗಳು

ಎಲ್ಲರಿಗೂ ನಮಸ್ಕಾರ. ಕಳೆದ ತಿಂಗಳು ಊರಿನ ಮನೆ ಖಾಲಿ ಮಾಡುವಾಗ ಅಟ್ಟದ ಮೇಲೆ ಅಜ್ಜನ ತಗಡಿನ ಟ್ರಂಕು ಸಿಕ್ಕಿತು. ಮೇಲೆ ಬೈಬಲ್ಲು, ಕೀರ್ತನೆ ಪುಸ್ತಕ, ಎರಡು ಬಿಳಿ ನಿಲುವಂಗಿ. ತಳದಲ್ಲಿ ಹಳೇ ಕ್ಯಾಲೆಂಡರ್ ಹಾಳೆಯಲ್ಲಿ ಸುತ್ತಿಟ್ಟ ಒಂದು ಪದವಿ ಪತ್ರ. ನಾಲ್ಕಾಗಿ ಮಡಚಿದ್ದಾರೆ. ಮಡಿಕೆಗಳು ಕೂಡುವ ಜಾಗದಲ್ಲಿ ನಾಣ್ಯದಗಲ ತೂತು ಬಿದ್ದಿದೆ. ಬಿ.ಡಿ., ಅಂದರೆ ಬ್ಯಾಚುಲರ್ ಆಫ್ ಡಿವಿನಿಟಿ, ದೇವಶಾಸ್ತ್ರದ ಪದವಿ. ವರ್ಷ 1958. ಕೊಟ್ಟಿದ್ದು ಬಂಗಾಳದ ಸೆರಾಂಪುರ ಕಾಲೇಜು.

ಗೊಂದಲ ಶುರುವಾಗಿದ್ದು ಇಲ್ಲಿಂದಲೇ. ಅಜ್ಜ ಬಂಗಾಳದ ಕಡೆ ಹೋದವರೇ ಅಲ್ಲ. ಓದಿದ್ದು ಬೆಂಗಳೂರಿನ ಬೆನ್ಸನ್ ಟೌನ್‌ನಲ್ಲಿರುವ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ. ಆಮೇಲೆ ಜೀವನವಿಡೀ ಹಳ್ಳಿ ಸಭೆಗಳಲ್ಲಿ, ಅಂದರೆ ಚರ್ಚುಗಳಲ್ಲಿ, ಪಾಸ್ಟರ್ ಆಗಿದ್ದರು. ಅಮ್ಮನನ್ನು ಕೇಳಿದೆ. "ಅದು ಟಪಾಲಿನಲ್ಲಿ ಬಂದಿದ್ದಂತೆ ಕಣೆ, ಅಜ್ಜಿ ಯಾವಾಗಲೂ ಹೇಳುತ್ತಿದ್ದರು" ಅಂದಳು. ಅಷ್ಟೇ.

ಇಂಟರ್ನೆಟ್‌ನಲ್ಲಿ ಹುಡುಕಿದರೆ ಡೆನ್ಮಾರ್ಕ್ ರಾಜ ಬರುತ್ತಾನೆ, ವಿಲಿಯಂ ಕೇರಿ ಅನ್ನೋ ಇಂಗ್ಲಿಷ್ ಮಿಷನರಿ ಬರುತ್ತಾರೆ, 1827 ಅಂತ ಬರುತ್ತದೆ. ಒಂದು ಕಾಲೇಜು ತಾನೇ ಪದವಿ ಕೊಡೋದು ಹೇಗೆ? ಅದರ ಮೇಲೆ ಯಾರಿದ್ದಾರೆ? ಚರ್ಚಾ, ಸರ್ಕಾರವಾ, ಇನ್ಯಾವುದೋ ಸಂಸ್ಥೆಯಾ? ಬೆಂಗಳೂರಿನಲ್ಲಿ ಓದಿದವರಿಗೆ ಹೂಗ್ಲಿ ದಡದವರು ಯಾಕೆ ಪದವಿ ಕೊಡುತ್ತಾರೆ? ಗೊತ್ತಿದ್ದವರು ಬಿಡಿಸಿ ಹೇಳಿ, ಪ್ಲೀಸ್.

ಕೋಲ್ಕತ್ತಾ ಕನ್ನಡಿಗ

ಆಡಳಿತದ ವಿಷಯ ತಿಳಿದವರು ಹೇಳಲಿ. ಜಾಗದ ಬಗ್ಗೆ ನಾನು ಹೇಳುತ್ತೇನೆ. ಹೌರಾದಿಂದ ಲೋಕಲ್ ಟ್ರೈನ್ ಹತ್ತಿದರೆ ಅರ್ಧ ಗಂಟೆ ಚಿಲ್ಲರೆ. ಸ್ಟೇಷನ್ ಹೊರಗೆ ಟೋಟೋ (ಬ್ಯಾಟರಿ ರಿಕ್ಷಾ) ಸಿಗುತ್ತದೆ, ಹೊಳೆ ದಡಕ್ಕೆ ಬಿಡುತ್ತಾರೆ. ಎದುರು ದಡದಲ್ಲಿ ಬ್ಯಾರಕ್‌ಪುರ. ಬ್ರಿಟಿಷ್ ಗವರ್ನರ್ ಜನರಲ್‌ಗಳ ತೋಟದ ಮನೆ ಇದ್ದ ಊರು. ಅಂದರೆ ಆ ಕಾಲಕ್ಕೆ ಹೊಳೆಯ ಆಚೆ ಇಂಗ್ಲಿಷರ ರಾಜ್ಯ, ಈಚೆ ಡೇನರ, ಅಂದರೆ ಡೆನ್ಮಾರ್ಕಿನವರ ರಾಜ್ಯ. ದೋಣಿಯಲ್ಲಿ ಹತ್ತು ನಿಮಿಷ ಕೂತರೆ ದೇಶವೇ ಬದಲಾಗುತ್ತಿತ್ತು. ಡೇನರು ಇದನ್ನು ತಮ್ಮ ರಾಜನ ಹೆಸರಿನಲ್ಲಿ ಫ್ರೆಡರಿಕ್ಸ್‌ನಗರ ಅಂತ ಕರೆದಿದ್ದರು.

ಕಾಲೇಜಿನ ಹಳೇ ಕಟ್ಟಡ ಹೊಳೆಗೆ ಮುಖ ಮಾಡಿ ನಿಂತಿದೆ. ಮುಂದೆ ಸಾಲಾಗಿ ದೊಡ್ಡ ಕಂಬಗಳು. ನಾನು ಹೋದಾಗ ಮಧ್ಯಾಹ್ನ ಪರೀಕ್ಷೆ ಮುಗಿಸಿದ ಬಿ.ಕಾಂ. ಹುಡುಗರು ಕಂಬದ ಬುಡದಲ್ಲಿ ಕೂತು ಪೇಪರ್ ಚರ್ಚೆ ಮಾಡುತ್ತಿದ್ದರು. ಅದೇ ಆವರಣದಲ್ಲಿ ಕೇರಿ ಲೈಬ್ರರಿ ಇದೆ. ಊರೊಳಗೆ ಡೇನರು ಕಟ್ಟಿದ ಸೇಂಟ್ ಓಲಾವ್ ಚರ್ಚ್ ಇದೆ. ಅದನ್ನು ದುರಸ್ತಿ ಮಾಡಿದ ರೀತಿಗೆ 2016ರಲ್ಲಿ ಯುನೆಸ್ಕೋ ಪ್ರಶಸ್ತಿ ಬಂತು. ಕನ್ನಡಿಗರು ಒಮ್ಮೆ ನೋಡಲೇಬೇಕಾದ ಊರು. ಯಾಕೆ ಅನ್ನೋದನ್ನ ಮೇಷ್ಟ್ರು ಹೇಳಲಿ.

ಧಾರವಾಡದ ಮೇಷ್ಟ್ರು

ಹೇಳ್ತೀನ್ರಿ. ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದವನು, ಸ್ವಲ್ಪ ಉದ್ದ ಆಗಬಹುದು. ಮೊಮ್ಮಗಳೇ, ನಿಧಾನಕ್ಕೆ ಓದಮ್ಮ.

1793ರಲ್ಲಿ ಕೇರಿ ಬಂಗಾಳಕ್ಕೆ ಬಂದರು. ಮೂಲದಲ್ಲಿ ಚಪ್ಪಲಿ ಹೊಲಿಯುವ ಕೆಲಸದವರು. ಓದಿದ್ದೆಲ್ಲ ಸ್ವಂತ ಪ್ರಯತ್ನದಿಂದ. ಈಸ್ಟ್ ಇಂಡಿಯಾ ಕಂಪನಿಗೆ ತನ್ನ ಸೀಮೆಯಲ್ಲಿ ಮಿಷನರಿಗಳು ಬೇಡವಾಗಿತ್ತು. 1799ರಲ್ಲಿ ಜೋಶುವಾ ಮಾರ್ಷ್‌ಮನ್, ವಿಲಿಯಂ ವಾರ್ಡ್ ಬಂದಾಗ ಅವರು ಇಳಿದಿದ್ದು ಡೇನರ ಸೆರಾಂಪುರದಲ್ಲಿ. ಅಲ್ಲಿನ ಗವರ್ನರ್ ಓಲೆ ಬೀ ಅವರಿಗೆ ಆಶ್ರಯ ಕೊಟ್ಟ. 1800ರ ಜನವರಿಯಲ್ಲಿ ಕೇರಿಯೂ ಬಂದು ಸೇರಿಕೊಂಡರು. ಮಾರ್ಷ್‌ಮನ್ ಶಾಲಾ ಮೇಷ್ಟ್ರು, ವಾರ್ಡ್ ಅಚ್ಚುಕೂಟದವನು. ಒಂದೇ ಮನೆ, ಒಂದೇ ಪಂಕ್ತಿ, ಒಂದೇ ಹಣದ ಪೆಟ್ಟಿಗೆ. ಕೇರಿಗೆ ಕಲ್ಕತ್ತಾದ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ತಿಂಗಳಿಗೆ 500 ರೂಪಾಯಿ ಸಂಬಳದ ಕೆಲಸ ಸಿಕ್ಕಿತು, ಆಮೇಲೆ ಅದು 1000 ಆಯಿತು. ಅದೂ ಪೆಟ್ಟಿಗೆಗೇ. ಮಾರ್ಷ್‌ಮನ್ ದಂಪತಿಯ ಬೋರ್ಡಿಂಗ್ ಶಾಲೆ ಆದಾಯವೂ ಪೆಟ್ಟಿಗೆಗೇ. ಅಚ್ಚುಕೂಟದ ಲಾಭವೂ ಅಲ್ಲಿಗೇ. ಈ ಪೆಟ್ಟಿಗೆ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಮಗೂ ಅವರಿಗೂ ಇರುವ ನಂಟು ಕೇಳಿ. ಕೇರಿ ಬಂಗಾಳ ಬಿಟ್ಟು ನಮ್ಮ ಕಡೆ ಬಂದವರಲ್ಲ. ಆದರೂ 1817ರಲ್ಲಿ ಅವರ ಕನ್ನಡ ವ್ಯಾಕರಣ ಸೆರಾಂಪುರದಲ್ಲಿ ಅಚ್ಚಾಯಿತು. ಅದರಲ್ಲಿ ನಮ್ಮ ಭಾಷೆಯನ್ನು "ಕರ್ನಾಟ ಭಾಷೆ" ಅಂತ ಕರೆದಿದ್ದಾರೆ. ಅದಕ್ಕೂ ಐದು ವರ್ಷ ಮುಂಚೆ, 1812ರ ಮಾರ್ಚ್ 11ರಂದು, ಅಚ್ಚುಕೂಟಕ್ಕೆ ಬೆಂಕಿ ಬಿತ್ತು. ಹತ್ತಾರು ಭಾಷೆಗಳ ಅಚ್ಚಿನ ಮೊಳೆ, ಕಾಗದ, ಹಸ್ತಪ್ರತಿ ಎಲ್ಲ ಸುಟ್ಟವು. ಕನ್ನಡ ಅನುವಾದದ ಹಸ್ತಪ್ರತಿಯೂ ಹೋಯಿತು. ಮತ್ತೆ ಕೂತು ಬರೆದರು. ಇದನ್ನು ಪಾಠ ಮಾಡುವಾಗ ಪ್ರತಿ ವರ್ಷವೂ ನನ್ನ ಗಂಟಲು ಕಟ್ಟುತ್ತಿತ್ತು.

ಈಗ ಕಾಲೇಜು. 1818ರ ಜುಲೈನಲ್ಲಿ ಯೋಜನೆ ಪ್ರಕಟ ಮಾಡಿದರು. ಪೂರ್ವದ ಸಾಹಿತ್ಯ, ಯುರೋಪಿನ ವಿಜ್ಞಾನ, ಎರಡನ್ನೂ ಕಲಿಸುವ ಕಾಲೇಜು. ಶುರುವಾದಾಗ 37 ವಿದ್ಯಾರ್ಥಿಗಳು. ಪಾಠಕ್ಕೆ ಸಂಸ್ಕೃತ ಬೇಕು, ಬಂಗಾಳಿ ಬೇಕು ಅನ್ನುವ ಹಟ ಅವರದ್ದು. ಜಾನ್ ಮ್ಯಾಕ್ ಅನ್ನುವ ಅಧ್ಯಾಪಕರು 1834ರಲ್ಲಿ ಬಂಗಾಳಿಯಲ್ಲೇ ರಸಾಯನಶಾಸ್ತ್ರದ ಪುಸ್ತಕ ತಂದರು. ಇಂಗ್ಲಿಷ್ ಶಿಕ್ಷಣವೇ ಬೇಕು ಅಂತ ಮೆಕಾಲೆ ಟಿಪ್ಪಣಿ ಬರೆದಿದ್ದು 1835ರಲ್ಲಿ ಅನ್ನೋದನ್ನ ಪಕ್ಕದಲ್ಲಿಟ್ಟು ನೋಡಿ. ವಿಜ್ಞಾನ ತಾಯ್ನುಡಿಯಲ್ಲಿ ಆಗೋದೇ ಇಲ್ಲ ಅಂತ ಇವತ್ತಿಗೂ ವಾದ ಮಾಡುವವರಿದ್ದಾರಲ್ಲ, ಅವರಿಗೆ ಈ ಪುಸ್ತಕ ತೋರಿಸಬೇಕು.

ಇನ್ನು ಸನದು, ಅಂದರೆ ರಾಜನ ಅಧಿಕಾರ ಪತ್ರ. 1826ರಲ್ಲಿ ಮಾರ್ಷ್‌ಮನ್ ಯುರೋಪಿಗೆ ಹೋದರು, ಕೋಪನ್‌ಹೇಗನ್‌ಗೂ ಹೋದರು. 1827ರ ಫೆಬ್ರವರಿ 23ರಂದು ಡೆನ್ಮಾರ್ಕಿನ ರಾಜ ಆರನೇ ಫ್ರೆಡರಿಕ್ ಸನದು ಕೊಟ್ಟ. ಕಾಲೇಜು ತಾನೇ ಪದವಿ ಕೊಡಬಹುದು ಅಂತ. ಕಲ್ಕತ್ತಾ, ಬಾಂಬೆ, ಮದ್ರಾಸ್ ವಿಶ್ವವಿದ್ಯಾಲಯಗಳು ಹುಟ್ಟಿದ್ದು 1857ರಲ್ಲಿ. ಅವಕ್ಕಿಂತ 30 ವರ್ಷ ಮೊದಲು ಇದು.

ಓದುಗ 77

ಮೇಷ್ಟ್ರೇ, ಗೌರವದಿಂದಲೇ ಕೇಳುತ್ತೇನೆ. ಇದೆಲ್ಲ ಮತಾಂತರಕ್ಕೆ ಕಟ್ಟಿದ ಕಾಲೇಜು ಅಲ್ವಾ? ಸಾಹಿತ್ಯ, ವಿಜ್ಞಾನ ಅನ್ನೋದು ಮೇಲಿನ ಹೊದಿಕೆ ತಾನೇ?

ಧಾರವಾಡದ ಮೇಷ್ಟ್ರು

ಕೇಳಿದ್ದು ಒಳ್ಳೇದಾಯ್ತು. ಅವರು ಮಿಷನರಿಗಳು, ಧರ್ಮ ಸಾರೋದು ಅವರ ಕೆಲಸ. ಭಾರತೀಯ ಕ್ರೈಸ್ತರನ್ನು ಬೋಧಕರಾಗಿ ತಯಾರು ಮಾಡಬೇಕು ಅನ್ನೋದು ಕಾಲೇಜಿನ ಉದ್ದೇಶಗಳಲ್ಲಿ ಒಂದು. ಅದನ್ನು ಅವರು ಮುಚ್ಚಿಟ್ಟಿಲ್ಲ, ನಾವೂ ಮುಚ್ಚಿಡಬೇಕಿಲ್ಲ. ಮೊದಲ 37 ಮಂದಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಕ್ರೈಸ್ತ ಹುಡುಗರೇ. ಉಳಿದವರಲ್ಲಿ ಹಿಂದೂಗಳೂ ಇದ್ದರು.

ಆದರೆ ಕಾಲೇಜಿನ ನಿಯಮಾವಳಿ ಓದಿ ನೋಡಿ. 1833ರ ಜೂನ್‌ನಲ್ಲಿ ಮಾಡಿದ್ದು. ಪ್ರಾಟೆಸ್ಟೆಂಟ್, ರೋಮನ್ ಕ್ಯಾಥೊಲಿಕ್, ಗ್ರೀಕ್, ಅರ್ಮೇನಿಯನ್, ಯಾವ ಸಭೆಯವರಾದರೂ ಸೇರಬಹುದು. ಓದೋದಕ್ಕೆ ಹಿಂದೂ, ಮುಸ್ಲಿಂ ಹುಡುಗರೂ ಬರಬಹುದು. ಜಾತಿ, ಬಣ್ಣ, ದೇಶ ಯಾವುದೂ ಪ್ರವೇಶಕ್ಕೆ ಅಡ್ಡಿ ಆಗಬಾರದು ಅಂತ ಬರೆದಿದ್ದಾರೆ. ಕಾಲೇಜು ನಡೆಸುವ ಕೌನ್ಸಿಲ್ ಸದಸ್ಯರಿಗೂ ಹುದ್ದೆಯಲ್ಲಿರುವವರಿಗೂ ಮಾತ್ರ ಕ್ರೈಸ್ತ ನಂಬಿಕೆಯ ಷರತ್ತು ಇತ್ತು.

ಇದರ ತೂಕ ಗೊತ್ತಾಗಬೇಕಾದರೆ ಆಗಿನ ಇಂಗ್ಲೆಂಡ್ ನೋಡಬೇಕು. ಈ ಮೂವರೂ ಬ್ಯಾಪ್ಟಿಸ್ಟರು, ಅಂದರೆ ಅಧಿಕೃತ ಚರ್ಚಿನ ಹೊರಗಿನ ಪ್ರಾಟೆಸ್ಟೆಂಟರು. ಆಕ್ಸ್‌ಫರ್ಡ್‌ಗೆ ಸೇರುವಾಗಲೇ ಇಂಗ್ಲೆಂಡಿನ ಅಧಿಕೃತ ಚರ್ಚಿನ ನಂಬಿಕೆಗೆ ಸಹಿ ಹಾಕಬೇಕಿತ್ತು. ಕೇಂಬ್ರಿಡ್ಜ್‌ನಲ್ಲಿ ಓದಬಹುದಿತ್ತು, ಸಹಿ ಹಾಕದೆ ಪದವಿ ಇಲ್ಲ. ಈ ಕಟ್ಟುಗಳು ಬಹುಮಟ್ಟಿಗೆ ಸಡಿಲ ಆಗಿದ್ದು 1871ರ ಕಾಯ್ದೆಯಿಂದ. ಅಂದರೆ ತಮ್ಮ ಸ್ವಂತ ದೇಶದಲ್ಲೇ ಪದವಿಯ ಬಾಗಿಲು ಮುಚ್ಚಿಸಿಕೊಂಡವರು ಇಲ್ಲಿ ಬಂದು ಬಾಗಿಲು ತೆರೆದಿಟ್ಟರು. ಅವರ ನಂಬಿಕೆ ನಿಮಗೆ ಒಪ್ಪಿಗೆ ಇಲ್ಲದಿರಬಹುದು, ತೊಂದರೆ ಇಲ್ಲ. ಈ ಒಂದು ಸಾಲಿಗೆ ಮಾತ್ರ ನಾನು ಕೈ ಮುಗಿಯುತ್ತೇನೆ.

ಓದುಗ 77

ಆಕ್ಸ್‌ಫರ್ಡ್ ವಿಷಯ ಗೊತ್ತಿರಲಿಲ್ಲ. ಧನ್ಯವಾದ ಮೇಷ್ಟ್ರೇ. ಉದ್ದೇಶದ ಬಗ್ಗೆ ನನ್ನ ಅಭಿಪ್ರಾಯ ಅಷ್ಟೇನೂ ಬದಲಾಗಿಲ್ಲ, ಆದರೆ ನಿಯಮಾವಳಿ ಹುಡುಕಿ ಓದುತ್ತೇನೆ.

ಹುಬ್ಬಳ್ಳಿ ವಕೀಲೆ

ಈಗ ನನ್ನ ಸರದಿ. ಆಡಳಿತ ಅಂದರೆ ನನಗೆ ಮೊದಲು ಕಾಣೋದು ಆಸ್ತಿ. ಮೇಷ್ಟ್ರು ಹೇಳಿದ ಆ ಹಣದ ಪೆಟ್ಟಿಗೆ ಇದೆಯಲ್ಲ, ಕಥೆಯ ಮೂಲವೇ ಅದು.

ಇವರನ್ನು ಕಳಿಸಿದ್ದು ಇಂಗ್ಲೆಂಡಿನ ಬ್ಯಾಪ್ಟಿಸ್ಟ್ ಮಿಷನರಿ ಸೊಸೈಟಿ, 1792ರಲ್ಲಿ ಹುಟ್ಟಿದ್ದು. ಮೊದಲ ಕಾರ್ಯದರ್ಶಿ ಆಂಡ್ರ್ಯೂ ಫುಲ್ಲರ್ ಇರುವ ತನಕ ನಂಬಿಕೆಯಲ್ಲೇ ಎಲ್ಲ ನಡೆಯಿತು. 1815ರಲ್ಲಿ ಅವರು ತೀರಿಕೊಂಡರು. ಆಮೇಲೆ ಬಂದ ಕಮಿಟಿಯವರು ಸೆರಾಂಪುರದ ಜಮೀನು, ಕಟ್ಟಡ ಯಾರ ಹೆಸರಿನಲ್ಲಿದೆ, ಲೆಕ್ಕ ತೋರಿಸಿ ಅಂತ ಕೇಳಿದರು. ಇವರಂದದ್ದು, ಇದು ನಿಮ್ಮ ಹಣದಲ್ಲಿ ಕೊಂಡದ್ದಲ್ಲ, ನಾವು ದುಡಿದು ಕೊಂಡದ್ದು, ದೇವರ ಕೆಲಸಕ್ಕೆ ಟ್ರಸ್ಟಿಗಳಾಗಿ ಇಟ್ಟುಕೊಂಡಿದ್ದೇವೆ ಅಂತ. ಕಮಿಟಿ ಕೇಳಿದ್ದೂ ತಪ್ಪಲ್ಲ. ಊರವರ ಚಂದಾ ಹಣಕ್ಕೆ ಅವರು ಉತ್ತರ ಹೇಳಬೇಕಲ್ಲ. ಆದರೆ ಆರೇಳು ತಿಂಗಳ ಸಮುದ್ರ ಪ್ರಯಾಣದ ಆಚೆ ಕೂತು ಕಾಲೇಜು ನಡೆಸೋಕೆ ಆಗೋಲ್ಲ. ಜಗಳ ಹತ್ತು ವರ್ಷಕ್ಕೂ ಜಾಸ್ತಿ ಎಳೆಯಿತು. ಕೊನೆಗೆ 1827ರಲ್ಲಿ ಎರಡು ಕಡೆಯವರೂ ಬೇರೆಯಾದರು.

ವರ್ಷ ಗಮನಿಸಿ. ಸನದು ಬಂದಿದ್ದೂ 1827, ಸೊಸೈಟಿಯಿಂದ ಬೇರೆಯಾಗಿದ್ದೂ 1827. ಪದವಿ ಕೊಡುವ ಹಕ್ಕಿನ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಅದೇ ಸನದು ಕಾಲೇಜನ್ನು ಒಂದು ಕಾನೂನು ಸಂಸ್ಥೆಯನ್ನಾಗಿ ಮಾಡಿತು ಅನ್ನೋದು ಜಾಸ್ತಿ ಜನರಿಗೆ ಗೊತ್ತಿಲ್ಲ. ಮಾಸ್ಟರ್ (ಕಾಲೇಜಿನ ಮುಖ್ಯಸ್ಥ) ಮತ್ತು ಕೌನ್ಸಿಲ್ ಅನ್ನೋ ಹೆಸರಿನಲ್ಲಿ ಕಾಲೇಜೇ ಆಸ್ತಿ ಇಟ್ಟುಕೊಳ್ಳಬಹುದು. ವಾರ್ಡ್ 1823ರಲ್ಲೇ ತೀರಿಕೊಂಡಿದ್ದರು. ಹಾಗಾಗಿ ಮೊದಲ ಕೌನ್ಸಿಲ್‌ನಲ್ಲಿ ಕೇರಿ, ಮಾರ್ಷ್‌ಮನ್, ಮಾರ್ಷ್‌ಮನ್ ಮಗ ಜಾನ್ ಕ್ಲಾರ್ಕ್. ಮೂರೇ ಜನ. ಇವತ್ತಿನ ಕಣ್ಣಲ್ಲಿ ನೋಡಿದರೆ ಇದು ಮನೆಯವರ ಟ್ರಸ್ಟ್ ತರಹ ಕಾಣುತ್ತದೆ, ಒಪ್ಪುತ್ತೇನೆ. ಆದರೆ ದೂರದ ಕಮಿಟಿಯಾಗಲಿ ಮುಂದೆ ಬರುವ ಸರ್ಕಾರವಾಗಲಿ ಒಂದು ಪತ್ರ ಬರೆದು ಕಾಲೇಜು ಮುಚ್ಚಿಸೋಕೆ ಆಗದಂತೆ ಅದು ಕಾಪಾಡಿತು.

ಅದಕ್ಕೆ ಸಾಕ್ಷಿ 1845. ಆ ವರ್ಷ ಡೆನ್ಮಾರ್ಕ್ ತನ್ನ ಭಾರತದ ನೆಲೆಗಳಾದ ತರಂಗಂಬಾಡಿ, ಸೆರಾಂಪುರಗಳನ್ನು ಹನ್ನೆರಡೂವರೆ ಲಕ್ಷ ರೂಪಾಯಿಗೆ ಕಂಪನಿಗೆ ಮಾರಿತು. ಊರೇ ಮಾರಾಟ ಆದರೆ ರಾಜ ಕೊಟ್ಟ ಸನದು ಏನಾಗಬೇಕು? ಒಪ್ಪಂದದ 6ನೇ ಕಲಮು ಓದಿ. ಸೆರಾಂಪುರ ಕಾಲೇಜಿನ ಹಕ್ಕುಗಳಿಗೆ ಕೈ ಹಾಕುವಂತಿಲ್ಲ, ಬ್ರಿಟಿಷ್ ಸರ್ಕಾರವೇ ಸನದು ಕೊಟ್ಟಿದ್ದರೆ ಹೇಗೋ ಹಾಗೆ ಅವು ಮುಂದುವರಿಯುತ್ತವೆ ಅಂತ ಇದೆ. ಎರಡು ದೇಶಗಳ ಒಪ್ಪಂದದಲ್ಲಿ ಒಂದು ಕಾಲೇಜಿಗೆ ಅಂತಲೇ ಒಂದು ಕಲಮು! ಮೊದಲ ಸಲ ಓದಿದಾಗ ಪುಸ್ತಕ ಕೆಳಗಿಟ್ಟು ಅಮ್ಮನನ್ನು ಕರೆದು ಓದಿ ಹೇಳಿದ್ದೆ.

ಅಜ್ಜನ ಮೊಮ್ಮಗಳು

ವಕೀಲೆ ಅಕ್ಕ, ಇದು ಎಷ್ಟು ಚೆನ್ನಾಗಿದೆ! ಹಾಗಾದರೆ 1827ರಿಂದಲೇ ಪದವಿ ಕೊಡುತ್ತಾ ಬಂದಿದ್ದಾರಾ?

ಹುಬ್ಬಳ್ಳಿ ವಕೀಲೆ

ಇಲ್ಲ ಕಣಮ್ಮ. ಹಕ್ಕು ಪೆಟ್ಟಿಗೆಯಲ್ಲೇ ಉಳಿಯಿತು. ಮೊದಲ ಬಿ.ಡಿ. ಪದವಿ ಕೊಟ್ಟಿದ್ದು 1915ರಲ್ಲಿ. 88 ವರ್ಷ!

ಮುಖ್ಯ ಕಾರಣ ದುಡ್ಡು. 1830ರಿಂದ ಮೂರ್ನಾಲ್ಕು ವರ್ಷದಲ್ಲಿ ಕಲ್ಕತ್ತಾದ ದೊಡ್ಡ ದೊಡ್ಡ ಏಜೆನ್ಸಿ ಹೌಸ್‌ಗಳು ಒಂದರ ಹಿಂದೆ ಒಂದು ದಿವಾಳಿಯಾದವು. ಆಗ ಬ್ಯಾಂಕಿನ ತರಹ ಜನ ಅಲ್ಲೇ ಹಣ ಇಡುತ್ತಿದ್ದರು. ಸೆರಾಂಪುರದವರ ಹಣವೂ ಅಲ್ಲೇ ಇತ್ತು, ಮುಳುಗಿತು. 1834ರ ಜೂನ್ 9ರಂದು ಕೇರಿ ತೀರಿಕೊಂಡರು. 1837ರಲ್ಲಿ ಮಾರ್ಷ್‌ಮನ್. ಮಗ ಜಾನ್ ಕ್ಲಾರ್ಕ್ ಸ್ವಂತ ದುಡ್ಡು ಹಾಕಿ ಎಳೆದುಕೊಂಡು ಹೋದರು. 1850ರ ದಶಕದಲ್ಲಿ ಬ್ಯಾಪ್ಟಿಸ್ಟ್ ಸೊಸೈಟಿಯೇ ಮತ್ತೆ ಜವಾಬ್ದಾರಿ ತೆಗೆದುಕೊಂಡಿತು. ಕಾಲೇಜು ಹೊಸ ಕಲ್ಕತ್ತಾ ವಿಶ್ವವಿದ್ಯಾಲಯಕ್ಕೆ ಸೇರಿಕೊಂಡಿತು. 1883ರಲ್ಲಿ ಆ ತರಗತಿಗಳೂ ನಿಂತವು. ಬರೀ ಬೋಧಕರ ತರಬೇತಿ ಶಾಲೆಯಾಗಿ ಉಳಿಯಿತು.

ಜೀವ ಬಂದಿದ್ದು 20ನೇ ಶತಮಾನದ ಶುರುವಿನಲ್ಲಿ, ಜಾರ್ಜ್ ಹೌವೆಲ್ಸ್ ಪ್ರಿನ್ಸಿಪಾಲ್ ಆದ ಮೇಲೆ. ಮಲಗಿದ್ದ ಸನದನ್ನು ಎಬ್ಬಿಸಿದವರು ಅವರು. ಇಷ್ಟು ದೊಡ್ಡ ಹಕ್ಕನ್ನು ಬ್ಯಾಪ್ಟಿಸ್ಟರು ಒಬ್ಬರೇ ಇಟ್ಟುಕೊಂಡರೆ ಉಪಯೋಗ ಇಲ್ಲ, ಎಲ್ಲಾ ಸಭೆಗಳಿಗೂ ಬಿಟ್ಟುಕೊಡಬೇಕು ಅನ್ನೋ ಯೋಚನೆ ಆಗ ಬಲವಾಯಿತು. ಅದರ ಫಲ 1918ರ ಸೆರಾಂಪುರ ಕಾಲೇಜು ಕಾಯ್ದೆ, ಬಂಗಾಳದ ಶಾಸನಸಭೆ ಮಾಡಿದ್ದು.

ನಿನ್ನ ಅಜ್ಜನ ಪತ್ರಕ್ಕೆ ಉತ್ತರ ಈ ಕಾಯ್ದೆಯಲ್ಲಿದೆ. ಕಾಯ್ದೆ ಎರಡು ಕೆಲಸ ಮಾಡಿತು. ಕೌನ್ಸಿಲ್ ದೊಡ್ಡದು ಮಾಡಿ ಬೇರೆ ಸಭೆಗಳವರಿಗೂ ಜಾಗ ಕೊಟ್ಟಿತು. ಇನ್ನೊಂದು, ಸೆನೆಟ್ ಅನ್ನೋ ಹೊಸ ಮಂಡಳಿ ಮಾಡಿತು. ಪದವಿಗೆ ಏನು ಓದಬೇಕು, ಯಾವ ಪರೀಕ್ಷೆ, ಯಾರು ಅರ್ಹರು, ಇದೆಲ್ಲ ಸೆನೆಟ್ ಕೆಲಸ. ಪದವಿ ಕೊಡೋದು ಕೌನ್ಸಿಲ್. ಆಸ್ತಿಯ ಯಜಮಾನರು ಬೇರೆ, ಪಾಠದ ಯಜಮಾನರು ಬೇರೆ. ನನ್ನ ಮಟ್ಟಿಗೆ ಈ ಇಡೀ ಇತಿಹಾಸದಲ್ಲಿ ಅತಿ ಜಾಣತನದ ಕೆಲಸ ಇದೇ. ಸೆನೆಟ್ ಬಂದಮೇಲೆ ದೇಶದ ಬೇರೆ ಬೇರೆ ಥಿಯಲಾಜಿಕಲ್ ಕಾಲೇಜುಗಳು ಅದರ ಪಠ್ಯಕ್ಕೆ, ಪರೀಕ್ಷೆಗೆ ಸೇರಿಕೊಂಡವು. ಓದು ಅಲ್ಲಲ್ಲಿ, ಪದವಿ ಸೆರಾಂಪುರದ್ದು.

ಇನ್ನೊಂದು ಸಣ್ಣ ವಿಷಯ. ಕೋಲ್ಕತ್ತಾ ಅಣ್ಣ ಹೇಳಿದ ಬಿ.ಕಾಂ. ಹುಡುಗರಿಗೆ ಪದವಿ ಕೊಡೋದು ಕಲ್ಕತ್ತಾ ವಿಶ್ವವಿದ್ಯಾಲಯ. ಒಂದೇ ಆವರಣದಲ್ಲಿ ಕಲೆ, ವಿಜ್ಞಾನ, ವಾಣಿಜ್ಯಕ್ಕೆ ಹೊರಗಿನ ವಿಶ್ವವಿದ್ಯಾಲಯ, ದೇವಶಾಸ್ತ್ರಕ್ಕೆ ಸ್ವಂತ ಸನದು.

ಬಲ್ಮಠದ ಹಳೇ ವಿದ್ಯಾರ್ಥಿ

ಬೆಂಗಳೂರು, ಮಂಗಳೂರಿನ ಭಾಗ ನಾನು ಸೇರಿಸುತ್ತೇನೆ. ಅಜ್ಜ ಓದಿದ ಯುನೈಟೆಡ್ ಥಿಯಲಾಜಿಕಲ್ ಕಾಲೇಜು 1910ರಲ್ಲಿ ಶುರುವಾಯಿತು. ಹೆಸರಿನಲ್ಲೇ ಯುನೈಟೆಡ್ ಇದೆ. ಬೇರೆ ಬೇರೆ ಮಿಷನ್‌ಗಳು ಒಟ್ಟಾಗಿ ಕಟ್ಟಿದ್ದು. ದಕ್ಷಿಣ ಭಾರತದ ಹಲವು ಪ್ರಾಟೆಸ್ಟೆಂಟ್ ಸಭೆಗಳು ಕೂಡಿ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಆಗಿದ್ದು 1947ರಲ್ಲಿ. ಅದಕ್ಕೆ 37 ವರ್ಷ ಮುಂಚೆಯೇ ಹುಡುಗರು ಒಂದೇ ಮೆಸ್ಸಿನಲ್ಲಿ ಉಂಡು ಒಂದೇ ಬೆಂಚಿನಲ್ಲಿ ಕೂತಿದ್ದರು. ಮೊದಲ ಪ್ರಿನ್ಸಿಪಾಲ್ ಎಲ್.ಪಿ. ಲಾರ್ಸನ್, ಅವರೂ ಡೆನ್ಮಾರ್ಕಿನವರೇ! 1954ರಲ್ಲಿ ರಸೆಲ್ ಚಂದ್ರನ್ ಪ್ರಿನ್ಸಿಪಾಲ್ ಆದರು, ಆ ಜಾಗಕ್ಕೆ ಬಂದ ಮೊದಲ ಭಾರತೀಯ. ಪದವಿ ವರ್ಷ 1958 ಅಂದರೆ ನಿಮ್ಮ ಅಜ್ಜ ಅವರ ಕಾಲದವರು. 1976ರಲ್ಲಿ ಈ ಕಾಲೇಜಿಗೆ ಸೆನೆಟ್ ಅಡಿಯಲ್ಲೇ ಸ್ವಾಯತ್ತತೆ ಬಂತು.

ನಮ್ಮ ಮಂಗಳೂರಿನದು ಇನ್ನೂ ಹಳೇದು. ಬಾಸೆಲ್ ಮಿಷನ್‌ನವರು 1847ರಲ್ಲಿ ಸೆಮಿನರಿ, ಅಂದರೆ ಬೋಧಕರ ತರಬೇತಿ ಶಾಲೆ ಶುರು ಮಾಡಿದರು. 1965ರಲ್ಲಿ ಅದೂ ತುಮಕೂರಿನ ಯೂನಿಯನ್ ಕ್ಯಾನರೀಸ್ ಸೆಮಿನರಿಯೂ ಕೂಡಿ ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜು ಆಯಿತು. ಇದೂ ಸೆರಾಂಪುರದ ಸೆನೆಟ್‌ಗೆ ಸೇರಿದೆ. ಚೆನ್ನೈನ ಲೂಥರನ್ ಗುರುಕುಲ, ಕೊಟ್ಟಾಯಂನ ಆರ್ಥೊಡಾಕ್ಸ್ ಸೆಮಿನರಿ, ಕೋಲ್ಕತ್ತಾದ ಬಿಷಪ್ಸ್ ಕಾಲೇಜು ಎಲ್ಲ ಇದೇ ಕೊಡೆಯ ಕೆಳಗೆ. ಆರಾಧನೆಯಲ್ಲಿ ಒಬ್ಬರಿಗೊಬ್ಬರಿಗೆ ಹೋಲಿಕೆಯೇ ಇಲ್ಲ. ಪದವಿ ಮಾತ್ರ ಒಂದೇ ಕಡೆಯಿಂದ.

ಒಂದು ಕೊರಗು ಹೇಳಲೇಬೇಕು. ನಾವು ಓದುವಾಗ ಬಿ.ಡಿ. ಇಂಗ್ಲಿಷಿನಲ್ಲಿ ಇತ್ತು. ಊರ ಭಾಷೆಯಲ್ಲಿ ಓದುವವರಿಗೆ ಅಂತ ಬೇರೆ ಕೆಳಗಿನ ಹಂತದ ಕೋರ್ಸು. ಕನ್ನಡದಲ್ಲಿ ಯೋಚಿಸಿ ಕನ್ನಡದಲ್ಲಿ ಪ್ರಸಂಗ ಮಾಡುವ ಹಳ್ಳಿ ಪಾಸ್ಟರ್ ಪರೀಕ್ಷೆಯನ್ನು ಮಾತ್ರ ಇಂಗ್ಲಿಷಿನಲ್ಲಿ ಬರೆಯಬೇಕಿತ್ತು. ಬಂಗಾಳಿಯಲ್ಲಿ ರಸಾಯನಶಾಸ್ತ್ರ ಕಲಿಸಿದ ಕಾಲೇಜಿನ ಹೆಸರಿನ ಪದವಿ ಅಲ್ವಾ ಇದು? ಪರೀಕ್ಷೆ ಹಿಂದಿನ ರಾತ್ರಿ ಹಾಸ್ಟೆಲ್ಲಿನಲ್ಲಿ ಬೀದರ್ ಕಡೆಯ ಗೆಳೆಯನೊಬ್ಬ ನನ್ನ ಪಕ್ಕ ಕೂತು, ಪ್ರತಿ ಉತ್ತರವನ್ನೂ ಕನ್ನಡದಲ್ಲಿ ಹೇಳಿ, "ಇದನ್ನ ಇಂಗ್ಲಿಷಿನಾಗ ಹೆಂಗ ಬರೀಬೇಕು ಹೇಳೋ" ಅಂತ ಕೇಳುತ್ತಿದ್ದ. ಅವನಿಗೆ ವಿಷಯ ನನಗಿಂತ ಚೆನ್ನಾಗಿ ಗೊತ್ತಿತ್ತು. ಮಾರ್ಕ್ಸ್ ನನಗೆ ಜಾಸ್ತಿ ಬಂತು.

ಯೂಟಾ ಕನ್ನಡಿಗ

ನಾನಿರುವುದು ಅಮೆರಿಕದ ಯೂಟಾದಲ್ಲಿ. ಪಕ್ಕದ ಪ್ರೋವೊ ಊರಿನಲ್ಲಿ ಬ್ರಿಗ್ಯಾಮ್ ಯಂಗ್ ವಿಶ್ವವಿದ್ಯಾಲಯ ಇದೆ, ಮಾರ್ಮನ್ ಸಭೆಯವರದ್ದು. 1875ರಲ್ಲಿ ಅಕಾಡೆಮಿಯಾಗಿ ಶುರುವಾಗಿ 1903ರಲ್ಲಿ ವಿಶ್ವವಿದ್ಯಾಲಯ ಅನ್ನೋ ಹೆಸರು ಪಡೆಯಿತು. ಅಲ್ಲಿ ಟ್ರಸ್ಟಿಗಳ ಮಂಡಳಿಗೆ ಸಭೆಯ ಅಧ್ಯಕ್ಷರೇ ಅಧ್ಯಕ್ಷರು. ಸಭೆಗೆ ಸೇರಿದ ವಿದ್ಯಾರ್ಥಿಗೆ ಒಂದು ಫೀಸು, ಸೇರದವರಿಗೆ ಅದರ ಎರಡರಷ್ಟು. ಸಭೆಯವರು ತಮ್ಮ ದಶಮಾಂಶದಿಂದ (ಸಭೆಗೆ ಕೊಡುವ ಆದಾಯದ ಹತ್ತರಲ್ಲೊಂದು ಪಾಲು) ಮೊದಲೇ ಕೊಟ್ಟಿರುತ್ತಾರೆ ಅನ್ನೋದು ಅವರ ವಾದ. ಫೀಸು ನಿಜಕ್ಕೂ ಕಡಿಮೆ. ನನ್ನ ಆಫೀಸಿನ ಎಷ್ಟೋ ಜನ ಸಾಲ ಇಲ್ಲದೆ ಅಲ್ಲಿ ಓದಿ ಬಂದಿದ್ದಾರೆ. ಅದು ಸಣ್ಣ ವಿಷಯ ಅಲ್ಲ.

ಆದರೆ ಯಜಮಾನರು ಒಬ್ಬರೇ ಆದಾಗ ಬರುವ ಕಷ್ಟವೂ ಇದೆ. 1911ರಲ್ಲಿ ವಿಕಾಸವಾದ ಪಾಠ ಮಾಡಿದ ಅಧ್ಯಾಪಕರು ಜಾಗ ಖಾಲಿ ಮಾಡಬೇಕಾಯಿತು. 1998ರಲ್ಲಿ ಅಮೆರಿಕದ ಪ್ರೊಫೆಸರುಗಳ ಸಂಘ ಬೋಧನಾ ಸ್ವಾತಂತ್ರ್ಯದ ವಿಷಯದಲ್ಲಿ ಆ ವಿಶ್ವವಿದ್ಯಾಲಯವನ್ನು ಖಂಡನೆಯ ಪಟ್ಟಿಗೆ ಸೇರಿಸಿತು. ಸೆರಾಂಪುರದ ಕೌನ್ಸಿಲ್, ಸೆನೆಟ್ ಅನ್ನೋ ಎರಡು ಕೋಣೆಯ ಮನೆ ಓದಿದ ಮೇಲೆ ಇಲ್ಲಿನದು ಒಂದೇ ಕೋಣೆಯ ಮನೆ ಅನ್ನಿಸಿತು.

ನಿವೃತ್ತ ಉಪನ್ಯಾಸಕಿ

ಎರಡು ಕೋಣೆ ಅಂದಿರಲ್ಲ, ಅದಕ್ಕೆ ನನ್ನ ಅನುಭವ ಹೇಳುತ್ತೇನೆ. ನಾನು ಚರ್ಚ್ ಆಡಳಿತದ ಒಂದು ಪದವಿ ಕಾಲೇಜಿನಲ್ಲಿ 26 ವರ್ಷ ಪಾಠ ಮಾಡಿದೆ. ಹೆಸರು ಬೇಡ. ನನ್ನನ್ನು ಬೆಳೆಸಿದ ಜಾಗ ಅದು. ಒಂದು ವರ್ಷ ಸಭೆಯೊಳಗೆ ಎರಡು ಗುಂಪಾಯಿತು. ಜಗಳ ಕಾಲೇಜಿನ ಎದುರಿನ ಮೈದಾನದ್ದು, ಅಂಗಡಿ ಕಟ್ಟಬೇಕೋ ಬೇಡವೋ ಅಂತ. ಪಾಠಕ್ಕೂ ಅದಕ್ಕೂ ಏನೂ ಸಂಬಂಧ ಇಲ್ಲ. ಆದರೆ ಮೈದಾನ ತೀರ್ಮಾನ ಮಾಡುವ ಕಮಿಟಿಯೇ ಪ್ರಿನ್ಸಿಪಾಲರನ್ನೂ ನೇಮಿಸಬೇಕು. ಎರಡು ವರ್ಷ ನೇಮಕ ಆಗಲಿಲ್ಲ. ಲ್ಯಾಬಿಗೆ ಆಸಿಡ್ ತರಿಸುವ ಬಿಲ್ಲಿಗೂ ಸಹಿ ಮಾಡುವವರಿಲ್ಲ. ಕೆಮಿಸ್ಟ್ರಿ ಮೇಡಂ ಸ್ವಂತ ದುಡ್ಡಿನಲ್ಲಿ ತಂದು ಪ್ರಾಕ್ಟಿಕಲ್ ಮುಗಿಸಿದರು. ಕೊನೆಯ ವರ್ಷದ ಹುಡುಗಿಯೊಬ್ಬಳು ಬಂದು, "ಮೇಡಂ, ನಮ್ಮ ಟಿ.ಸಿ.ಗೆ ಯಾರು ಸಹಿ ಹಾಕ್ತಾರೆ?" ಅಂತ ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ.

ಆಸ್ತಿಯ ಜಗಳ ಕ್ಲಾಸ್‌ರೂಮಿಗೆ ಬರದಂತೆ ಒಂದು ಗೋಡೆ ಬೇಕು. 1918ರಲ್ಲೇ ಅದನ್ನು ಕಾನೂನಿನಲ್ಲಿ ಬರೆದಿಟ್ಟಿದ್ದರು ಅಂತ ಓದಿ ನಿಜಕ್ಕೂ ಹೊಟ್ಟೆ ಉರಿಯಿತು.

ಹುಬ್ಬಳ್ಳಿ ವಕೀಲೆ

ಅಕ್ಕ, ನಿಮ್ಮ ಮಾತು ನೂರಕ್ಕೆ ನೂರು ನಿಜ. ಇಂಥ ಕೇಸುಗಳು ನನ್ನ ಹತ್ತಿರವೂ ಬಂದಿವೆ. ಸಂವಿಧಾನದ 30ನೇ ವಿಧಿ ಅಲ್ಪಸಂಖ್ಯಾತರಿಗೆ ಸಂಸ್ಥೆ ಕಟ್ಟುವ, ನಡೆಸುವ ಹಕ್ಕು ಕೊಡುತ್ತದೆ. ಕೆಟ್ಟದಾಗಿ ನಡೆಸುವ ಹಕ್ಕನ್ನಲ್ಲ. ಕೋರ್ಟುಗಳೂ ಇದನ್ನು ಮತ್ತೆ ಮತ್ತೆ ಹೇಳಿವೆ. ಇನ್ನು ಕಾಯ್ದೆಯಿಂದ ರೂಪುಗೊಂಡ ವಿಶ್ವವಿದ್ಯಾಲಯವನ್ನು ಸ್ಥಾಪಿಸಿದವರು ಯಾರು, ಸಮುದಾಯವಾ ಶಾಸನಸಭೆಯಾ ಅನ್ನೋ ಪ್ರಶ್ನೆ ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದ ಕೇಸಿನಲ್ಲಿ ದಶಕಗಟ್ಟಲೆ ಎಳೆಯಿತು. ಕಾಯ್ದೆಯಿಂದ ಬಂದದ್ದು ಅಂದಮಾತ್ರಕ್ಕೆ ಸಮುದಾಯ ಸ್ಥಾಪಿಸಿಲ್ಲ ಅಂತ ಆಗೋಲ್ಲ ಅಂತ 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 4-3ರ ಬಹುಮತದಲ್ಲಿ ಹೇಳಿತು. 1967ರ ಹಳೇ ತೀರ್ಪು ಬಿದ್ದುಹೋಯಿತು.

ಬೆಂಗಳೂರಿನಲ್ಲೇ ನೋಡಿ. ಸಿ.ಎಂ.ಐ. ಅನ್ನೋ ಕ್ಯಾಥೊಲಿಕ್ ಸಂಘದ ಪಾದ್ರಿಗಳ ಕ್ರೈಸ್ಟ್ ಕಾಲೇಜು 2008ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯ ಆಯಿತು. ಜೆಸ್ಯೂಟರ ಸೇಂಟ್ ಜೋಸೆಫ್ಸ್ ನಮ್ಮ ರಾಜ್ಯದ ಕಾಯ್ದೆಯ ಮೂಲಕ ವಿಶ್ವವಿದ್ಯಾಲಯ ಆಯಿತು, 2022ರ ಸೆಪ್ಟೆಂಬರ್‌ನಲ್ಲಿ ರಾಷ್ಟ್ರಪತಿಗಳೇ ಬಂದು ಉದ್ಘಾಟನೆ ಮಾಡಿದರು. ದಾರಿ ಬೇರೆ ಬೇರೆ. ಯಾವುದೇ ಆಗಲಿ, ನಾನು ಮೊದಲು ಕೇಳೋದು ಒಂದೇ: ಪಠ್ಯ ತೀರ್ಮಾನ ಮಾಡುವ ಮೇಜಿನ ಸುತ್ತ ಪಾಠ ಮಾಡುವವರು ಕೂತಿದ್ದಾರಾ?

ಓದುಗ 77

ನಿಯಮಾವಳಿ ಓದಿದೆ. ಮೇಷ್ಟ್ರು ಹೇಳಿದ ಸಾಲು ಇದೆ. ಇನ್ನೊಂದು ಸಾಲೂ ಕಂಡಿತು, ಮದುವೆಯಾಗಿರುವುದು ಕಾಲೇಜಿನ ಯಾವ ಸ್ಥಾನಕ್ಕೂ ಅಡ್ಡಿಯಲ್ಲ, ಮಾಸ್ಟರ್‌ನಿಂದ ಹಿಡಿದು ಕೊನೆಯ ವಿದ್ಯಾರ್ಥಿ ತನಕ ಅಂತ. ಆಗ ನಮ್ಮಲ್ಲಿ ಹುಡುಗರಿಗೆ ಎಷ್ಟು ಚಿಕ್ಕ ವಯಸ್ಸಿಗೆ ಮದುವೆ ಆಗುತ್ತಿತ್ತು ಅನ್ನೋದು ತಿಳಿದೇ ಬರೆದಿದ್ದಾರೆ ಅನ್ನಿಸುತ್ತೆ.

ಧಾರವಾಡದ ಮೇಷ್ಟ್ರು

ಇದು ನನ್ನ ಗಮನಕ್ಕೆ ಬಂದಿರಲಿಲ್ಲ ನೋಡ್ರಿ. ಓದಿದ್ದಕ್ಕೆ ಬಹಳ ಸಂತೋಷ.

ಅಜ್ಜನ ಮೊಮ್ಮಗಳು

ಎಲ್ಲರಿಗೂ ಮನಸ್ಸು ತುಂಬಿ ಧನ್ಯವಾದ. ನಿನ್ನೆ ರಾತ್ರಿ ಇಡೀ ಚರ್ಚೆಯನ್ನು ಅಮ್ಮನಿಗೆ ಓದಿ ಹೇಳಿದೆ. ಬೀದರಿನ ಗೆಳೆಯನ ವಿಷಯ ಬಂದಾಗ ಅಮ್ಮ ತಡೆದಳು. ಎದ್ದು ಹೋಗಿ ಟ್ರಂಕಿನಿಂದ ಒಂದು ನೋಟ್‌ಬುಕ್ ತಂದಳು. ನಾನು ಅದನ್ನು ಲೆಕ್ಕದ ಪುಸ್ತಕ ಅಂದುಕೊಂಡು ಪಕ್ಕಕ್ಕಿಟ್ಟಿದ್ದೆ. ಎಡಗಡೆ ಪುಟದಲ್ಲಿ ಅಜ್ಜನ ಕನ್ನಡ, ನೀಲಿ ಶಾಯಿ. ಬಲಗಡೆ ಪುಟದಲ್ಲಿ ಅದೇ ವಿಷಯ ಇಂಗ್ಲಿಷಿನಲ್ಲಿ. ಅಲ್ಲಲ್ಲಿ ಹೊಡೆದು ಹಾಕಿ ಮತ್ತೆ ಬರೆದಿದ್ದಾರೆ. ಒಂದೊಂದು ಕಡೆ ಬೇರೆ ಯಾರದ್ದೋ ಕೈಬರಹದಲ್ಲಿ ಕೆಂಪು ಪೆನ್ಸಿಲ್ ತಿದ್ದುಪಡಿ. ಎಡಗಡೆಯ ಪುಟಗಳಲ್ಲಿ ಒಂದೇ ಒಂದು ಕಾಟು ಇಲ್ಲ.

ಬಲ್ಮಠದ ಅಣ್ಣ, ನಿಮಗೆ ಕೆಲವು ಪುಟದ ಫೋಟೋ ಕಳಿಸಲಾ? ಎಡಗಡೆಯದು ಅಚ್ಚು ಹಾಕಿಸೋಣ ಅಂತ ಅಮ್ಮ ಕೇಳುತ್ತಿದ್ದಾಳೆ.

ಬಲ್ಮಠದ ಹಳೇ ವಿದ್ಯಾರ್ಥಿ

ಕಳಿಸಮ್ಮ, ಇವತ್ತೇ ಕಳಿಸು. ಪತ್ರದ ಮಡಿಕೆ ಬಿಡಿಸಿ ಚಪ್ಪಟೆಯಾಗಿ ಇಡು, ಲ್ಯಾಮಿನೇಟ್ ಮಾತ್ರ ಮಾಡಿಸಬೇಡ. ನೋಟ್‌ಬುಕ್ ತೆಗೆದುಕೊಂಡು ಒಮ್ಮೆ ಬೆನ್ಸನ್ ಟೌನ್ ಕಾಲೇಜಿನ ಆರ್ಕೈವ್ಸ್‌ಗೆ ಹೋಗು. ಆ ಕೆಂಪು ಪೆನ್ಸಿಲ್ ಯಾವ ಅಧ್ಯಾಪಕರದ್ದು ಅಂತ ಕೈಬರಹ ನೋಡಿ ಹೇಳುವವರು ಅಲ್ಲಿ ಸಿಕ್ಕಿದರೂ ಸಿಗಬಹುದು. ನಾನೂ ಬರುತ್ತೇನೆ.